ಬೆಳೆಯುವ ಎಲುಬು: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ಕರಾವಳಿಯ ತಾಲ್ಲೂಕು ಕೇಂದ್ರವೊಂದರಲ್ಲಿ ಪೋಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಹಾಗೂ ಪ್ರಾಥಮಿಕ ಶಾಲೆಯ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪವಿದು. ಸಭೆಯಲ್ಲಿ ಕೈಯಿಂದ ತೋರಿಸಿದ್ದನ್ನು ಇಲ್ಲಿ ವಾಕ್ಯದಲ್ಲಿ ಹೇಳಬೇಕಾಗಿ ಬಂದುದರಿಂದ ಕೆಲವು ಭಾಗಗಳು ಹಿಗ್ಗಿವೆ. ಕೊನೆಯಲ್ಲಿ ಬಂದ ಪ್ರಶ್ನೆಗಳ ಉತ್ತರವನ್ನು ಆಯಾ ವಿಷಯದ ಜೊತೆಯಲ್ಲೇ ಸೇರಿಸಿದ್ದೇನೆ.

ಮೂಳೆಯ ವೈದ್ಯಶಾಸ್ತ್ರಕ್ಕೆ ನಾವು ಬಳಸುವ ಆರ್ಥೋಪೆಡಿಕ್ಸ್ ಎಂಬ ಹೆಸರು ಹುಟ್ಟಿದ್ದೇ ಮಕ್ಕಳ ಸಲುವಾಗಿ. 1741ರಲ್ಲಿ ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂಡ್ರಿ ಎಂಬವರು ‘ನೇರ’ ಮತ್ತು ‘ಮಗು’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಆ ಹೆಸರನ್ನು ಕಟ್ಟಿದರು. ಅವರ ಪುಸ್ತಕದಲ್ಲಿ ಸೊಟ್ಟಗೆ ಬೆಳೆದ ಎಳೆಯ ಮರವೊಂದನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಬಿಗಿದ ಚಿತ್ರವಿದೆ. ಜಗತ್ತಿನ ಅನೇಕ ಮೂಳೆ ವೈದ್ಯರ ಸಂಘಗಳು ಇಂದಿಗೂ ಅದನ್ನೇ ಲಾಂಛನವಾಗಿ ಇಟ್ಟುಕೊಂಡಿವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಮಾತನ್ನು ಕೇಳುತ್ತ ಬೆಳೆದ ನಮಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಕಾಲು ಕೈಗಳನ್ನು ನೋಡಿದ ಮೇಲೆ ನನಗೆ ಅನ್ನಿಸಿರುವುದೆಂದರೆ, ಹೆಚ್ಚಿನ ಎಳೆ ಮರಗಳಿಗೆ ಗೂಟವೇ ಬೇಡ, ಅವು ತಾವಾಗಿ ನೆಟ್ಟಗಾಗುತ್ತವೆ. ಕೆಲವಕ್ಕೆ ಮೊದಲ ವಾರದಲ್ಲೇ ಹಗ್ಗ ಬೀಳಬೇಕು. ಇನ್ನು ಕೆಲವಕ್ಕೆ ಒಂದು ರಾತ್ರಿ ಕಾದರೂ ಬೇರು ಕೊಳೆಯುತ್ತದೆ. ನಮ್ಮ ಮನೆಗಳಲ್ಲಿ ಇದು ಅನೇಕ ಸಲ ತಿರುವುಮುರುವಾಗಿ ನಡೆಯುತ್ತದೆ. ಕಾಯಬಹುದಾದ ಕಾಲಿಗೆ ಬೂಟು, ಬೆಲ್ಟು, ಮಾಲೀಸು ಎಂದು ಹಣ ಸುರಿಯುತ್ತೇವೆ, ಕಾಯಬಾರದ ಕಾಲನ್ನು ಮುಂದಿನ ಹುಣ್ಣಿಮೆಯವರೆಗೆ ನೋಡೋಣ ಎನ್ನುತ್ತೇವೆ. ಇಂದು ನಾನು ಹೇಳಬೇಕೆಂದಿರುವುದು ಈ ಒಂದೇ ವಿಷಯ.

ಮಗುವಿನ ಎಲುಬು ದೊಡ್ಡವರ ಎಲುಬಿನ ಸಣ್ಣ ರೂಪವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಉದ್ದನೆಯ ಪ್ರತಿ ಎಲುಬಿನ ತುದಿಯ ಹತ್ತಿರ ಮೃದ್ವಸ್ಥಿಯ ತೆಳುವಾದ ಒಂದು ಪದರವಿರುತ್ತದೆ. ಅದನ್ನು ಬೆಳವಣಿಗೆ ಫಲಕ ಎನ್ನುತ್ತೇವೆ. ಎಲುಬು ಉದ್ದವಾಗುವುದು ಅಲ್ಲಿಂದಲೇ, ಸೊಟ್ಟ ನೆಟ್ಟಗಾಗುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಹಸುಗೂಸಿನ ಮುರಿದ ತೊಡೆ ಎಲುಬು ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ದೊಡ್ಡವರಲ್ಲಿ ಅದೇ ಎಲುಬಿಗೆ ತಿಂಗಳುಗಳೇ ಬೇಕು. ಆದರೆ ಈ ಫಲಕವೇ ಮಗುವಿನ ಅಂಗದ ದುರ್ಬಲ ಜಾಗವೂ ಹೌದು. ಕೀಲನ್ನು ಹಿಡಿದಿಡುವ ಕಟ್ಟುಗಳಿಗಿಂತ ಫಲಕ ಮೆದುವಾಗಿರುವುದರಿಂದ, ದೊಡ್ಡವರಿಗೆ ಉಳುಕಾಗುವಂಥ ಪೆಟ್ಟಿಗೆ ಚಿಕ್ಕ ಮಕ್ಕಳಲ್ಲಿ ಫಲಕವೇ ಸೀಳುವುದುಂಟು. ಹಾಗಾಗಿ ಐದು ವರ್ಷದ ಮಗುವಿಗೆ ‘ಬರೀ ಉಳುಕು’ ಎಂದು ಯಾರಾದರೂ ಹೇಳಿದರೆ ನಾನು ಸುಲಭವಾಗಿ ಒಪ್ಪುವುದಿಲ್ಲ.

ಕಾಯಬಹುದಾದವುಗಳಿಂದ ಆರಂಭಿಸುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ದೊಡ್ಡ ಪಾಲು ಅವರದ್ದೇ. ಹುಟ್ಟಿದ ಮಗುವಿನ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದು ಸಹಜ. ಗರ್ಭದಲ್ಲಿ ಮಡಚಿಕೊಂಡಿದ್ದ ಆ ಕಾಲು ಒಂದೂವರೆ ಎರಡು ವರ್ಷದ ಹೊತ್ತಿಗೆ ನೆಟ್ಟಗಾಗುತ್ತದೆ. ಅಲ್ಲಿಗೆ ನಿಲ್ಲದೆ ಎದುರು ದಿಕ್ಕಿಗೆ ಸಾಗಿ, ಮೂರು ನಾಲ್ಕು ವರ್ಷದಲ್ಲಿ ಮಂಡಿಗಳು ಒಂದಕ್ಕೊಂದು ತಾಗಿ ಪಾದಗಳು ದೂರ ನಿಲ್ಲುತ್ತವೆ. ಏಳು ವರ್ಷದ ಸುಮಾರಿಗೆ ದೊಡ್ಡವರ ಕಾಲಿನ ಆಕಾರ ಬರುತ್ತದೆ. ತಾಯಂದಿರು ಮೊದಲ ಸಲ ಗಾಬರಿಯಾಗುವುದು ಕಾಲು ಬಿಲ್ಲಾಗಿದೆ ಎಂದು, ಎರಡನೆಯ ಸಲ ಮಂಡಿ ತಾಗುತ್ತಿದೆ ಎಂದು; ಎರಡೂ ಒಂದೇ ಪ್ರಯಾಣದ ಎರಡು ನಿಲ್ದಾಣಗಳು. ನಡುವೆ ಯಾರಾದರೂ ಕಬ್ಬಿಣದ ಪಟ್ಟಿಯ ಬೂಟು ಕೊಡಿಸಿದ್ದರೆ, ಕಾಲು ನೆಟ್ಟಗಾದದ್ದರ ಕೀರ್ತಿ ಆ ಬೂಟಿಗೆ ಹೋಗುತ್ತದೆ. ಪಾದ ಒಳಕ್ಕೆ ತಿರುಗಿಸಿ ನಡೆಯುವ ಮಕ್ಕಳದ್ದೂ ಬಹುಪಾಲು ಇದೇ ಕಥೆ. ತೊಡೆ ಎಲುಬಿನ ಸಹಜವಾದ ತಿರುಚು ಎಂಟು ಹತ್ತು ವರ್ಷದ ಒಳಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಚಪ್ಪಟೆ ಪಾದದ ವಿಷಯದಲ್ಲಿ ನಮ್ಮ ನೆಲದಲ್ಲೇ ನಡೆದ ಒಂದು ಅಧ್ಯಯನವನ್ನು ಹೇಳಲೇಬೇಕು. 1992ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಯಚ್ಚುಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ಶೇ. 2.8 ಮಾತ್ರ ಇತ್ತು. ಮುಚ್ಚಿದ ಬೂಟು ಧರಿಸುವವರಲ್ಲಿ ಸಮಸ್ಯೆ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ ಎಂಬುದೂ ಕಂಡುಬಂತು. ಗದ್ದೆಯ ಬದುವಿನಲ್ಲಿ, ಮರಳಿನಲ್ಲಿ ಬರಿಗಾಲಲ್ಲಿ ಓಡಾಡುವ ಪಾದಕ್ಕೆ ತನ್ನ ಕಮಾನನ್ನು ತಾನೇ ಕಟ್ಟಿಕೊಳ್ಳಲು ಅವಕಾಶವಿರುತ್ತದೆ. ಹುಟ್ಟಿದ ಎಲ್ಲ ಮಕ್ಕಳ ಪಾದವೂ ಚಪ್ಪಟೆಯೇ. ಕಮಾನು ಮೂಡುವುದು ಐದಾರು ವರ್ಷದ ಹೊತ್ತಿಗೆ. ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಿ ನೋಡಿ. ಆಗ ಕಮಾನು ಎದ್ದು ಕಾಣುತ್ತಿದ್ದರೆ, ನೋವೂ ಇಲ್ಲದಿದ್ದರೆ, ದುಬಾರಿ ಬೂಟಿನ ಅಗತ್ಯವಿಲ್ಲ. ತುದಿಗಾಲಿನಲ್ಲಿ ನಿಂತರೂ ಚಪ್ಪಟೆಯಾಗಿಯೇ ಉಳಿಯುವ, ಬಿಗಿಯಾದ, ನೋಯುವ ಪಾದವನ್ನು ಮಾತ್ರ ತೋರಿಸಬೇಕು.

ಹಾಗೆಂದು ಸೊಟ್ಟ ಕಾಲೆಲ್ಲ ಕಾಯಬಹುದಾದ ಕಾಲಲ್ಲ. ಒಂದೇ ಕಾಲು ಬಾಗಿದ್ದರೆ, ಎರಡು ವರ್ಷ ದಾಟಿದ ಮೇಲೂ ಬಿಲ್ಲು ಹೆಚ್ಚುತ್ತಲೇ ಹೋದರೆ, ಮಗು ತನ್ನ ವಯಸ್ಸಿನವರಿಗಿಂತ ತೀರ ಗಿಡ್ಡವಾಗಿದ್ದರೆ, ಮಣಿಕಟ್ಟು ಎರಡು ಗಂಟಿದ್ದಂತೆ ದಪ್ಪವಾಗಿದ್ದರೆ, ಎದೆಯ ಪಕ್ಕೆಲುಬಿನ ಮೇಲೆ ಮಣಿಸರದಂತೆ ಗಂಟುಗಳು ಕೈಗೆ ಸಿಕ್ಕರೆ, ಅದು ರಿಕೆಟ್ಸ್ ಇರಬಹುದು. ಡಿ ಜೀವಸತ್ವ ಮತ್ತು ಕ್ಯಾಲ್ಸಿಯಂ ಸಾಲದೆ ಬೆಳವಣಿಗೆ ಫಲಕ ಗಟ್ಟಿ ಎಲುಬಾಗಿ ಮಾರ್ಪಡಲಾರದೆ ಮೆತ್ತಗೆ ಹಿಗ್ಗುವುದೇ ಈ ಕಾಯಿಲೆ. ಇಷ್ಟು ಬಿಸಿಲಿರುವ ನಾಡಿನಲ್ಲಿ ಹೇಗೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬಿಸಿಲು ಊರಿನಲ್ಲಿದ್ದರೆ ಸಾಲದು, ಚರ್ಮಕ್ಕೆ ತಾಗಬೇಕು. ಬಾಣಂತನದ ಕೋಣೆ, ನಮ್ಮ ಕರಾವಳಿಯ ಸುದೀರ್ಘ ಮಳೆಗಾಲ, ಬಸುರಿಯಲ್ಲೇ ಇರುವ ಕೊರತೆ ಮತ್ತು ಎದೆಹಾಲಿನಲ್ಲಿ ಡಿ ಜೀವಸತ್ವ ತೀರ ಕಡಿಮೆ ಇರುವುದು ಇವೆಲ್ಲ ಕೂಡಿದಾಗ ಕೊರತೆ ಉಂಟಾಗುತ್ತದೆ. ಅದಕ್ಕಾಗಿಯೇ ಹಸುಗೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ಜೀವಸತ್ವದ ಹನಿ ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಎದೆಹಾಲು ಎಂದಿನಂತೆ ಮುಂದುವರಿಯಬೇಕು.

ಕ್ಯಾಲ್ಸಿಯಂ ವಿಷಯದಲ್ಲಿ ಕನ್ನಡ ನಾಡಿನ ಅಡುಗೆಮನೆ ಬಡವಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನಷ್ಟು ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿ ‘ಸರಿ’ ಮಾಡುವ ನಮ್ಮ ಅಜ್ಜಿಯರ ಕ್ರಮಕ್ಕೆ ಇನ್ನೊಂದು ಗುಣವಿದೆ. ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ತಡೆಯುವ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನೂ ಒಳ್ಳೆಯದೇ. ಆದರೆ ರಿಕೆಟ್ಸ್ ಈಗಾಗಲೇ ಬಂದಿರುವ ಮಗುವನ್ನು ಆಹಾರದಿಂದಲೇ ಸರಿಪಡಿಸುತ್ತೇವೆಂದು ಕೂರಬಾರದು. ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆಯ ನಂತರ ಅಳತೆಯ ಔಷಧ ಬೇಕು. ಅಳತೆಯ ಎಂದು ಒತ್ತಿ ಹೇಳುತ್ತೇನೆ. 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ವೈದ್ಯರು ಒಂದಷ್ಟು ವಾರಕ್ಕೆ ಬರೆದಿದ್ದರೆ, ಮನೆಯವರು ಅದನ್ನು ತಾವಾಗಿ ತಿಂಗಳುಗಟ್ಟಲೆ ಮುಂದುವರಿಸಿ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿದ್ದನ್ನು ನಾನು ಕಂಡಿದ್ದೇನೆ. ಔಷಧ ಸರಿಯಾಗಿ ಕೊಟ್ಟೂ ಗುಣವಾಗದಿದ್ದರೆ, ಮೂತ್ರದಲ್ಲಿ ರಂಜಕ ಸೋರಿಹೋಗುವ ವಂಶಪಾರಂಪರ್ಯದ ರಿಕೆಟ್ಸ್ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ಪಾವಗಡ, ಚಿತ್ರದುರ್ಗ, ಕೊಪ್ಪಳದ ಕಡೆಯಿಂದ ಇಲ್ಲಿಗೆ ಕೆಲಸಕ್ಕೆಂದು ಬಂದಿರುವ ಕುಟುಂಬಗಳು ಈ ತಾಲ್ಲೂಕಿನಲ್ಲೂ ಇವೆ, ಹಾಗಾಗಿ ಫ್ಲೋರೈಡ್ ಬಗ್ಗೆ ನಾಲ್ಕು ಮಾತು. ಆ ಭಾಗದ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಲ್ಲಿ ಹಲ್ಲಿನ ಮೇಲೆ ಕಂದು ಕಲೆಗಳು ಕಾಣುತ್ತವೆ, ಮಂಡಿಗಳು ವಿಪರೀತವಾಗಿ ತಾಗತೊಡಗುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಇಲ್ಲಿ ಕಾಲಿಗೆ ಮಾಡುವ ಶಸ್ತ್ರಚಿಕಿತ್ಸೆಗಿಂತ ಮೊದಲು ನೀರು ಬದಲಾಗಬೇಕು.

ರಾತ್ರಿ ಕಾಲುನೋವಿನ ಬಗ್ಗೆ ಪ್ರತಿ ಸಭೆಯಲ್ಲೂ ಪ್ರಶ್ನೆ ಬರುತ್ತದೆ. ಮೂರರಿಂದ ಹನ್ನೆರಡು ವರ್ಷದ ಮಕ್ಕಳು ದಿನವಿಡೀ ಆಡಿ, ಸಂಜೆ ಅಥವಾ ರಾತ್ರಿ ಎರಡೂ ಕಾಲಿನ ಮೀನಖಂಡ, ತೊಡೆ, ಮಂಡಿಯ ಹಿಂಭಾಗ ನೋಯುತ್ತದೆ ಎಂದು ಅಳುತ್ತಾರೆ. ಅಮ್ಮ ಒಂದಿಷ್ಟು ಒತ್ತಿದರೆ ಮಲಗುತ್ತಾರೆ. ಬೆಳಗ್ಗೆ ಏನೂ ಆಗದವರಂತೆ ಓಡುತ್ತಾರೆ. ಇದನ್ನು ಬೆಳವಣಿಗೆಯ ನೋವು ಎಂದು ಕರೆಯುವುದು ರೂಢಿ. ಬೆಳವಣಿಗೆಗೂ ಇದಕ್ಕೂ ನೇರ ಸಂಬಂಧವಿರುವುದು ಸಾಬೀತಾಗಿಲ್ಲ, ಆದರೂ ಹೆಸರು ಉಳಿದಿದೆ. ಕಾಲನ್ನು ಒತ್ತುವುದೇ ಇದಕ್ಕೆ ಸಾಕಾದ ಮದ್ದು. ಆದರೆ ಯಾವಾಗಲೂ ಒಂದೇ ಜಾಗ ನೋಯುತ್ತಿದ್ದರೆ, ಮುಟ್ಟಲು ಬಿಡದಿದ್ದರೆ, ಬೆಳಗ್ಗೆ ಕುಂಟುತ್ತಿದ್ದರೆ, ಜೊತೆಗೆ ಜ್ವರ, ತೂಕ ಇಳಿಯುವುದು, ಮುಖ ಬಿಳಚುವುದು, ಮೈಮೇಲೆ ನೀಲಿ ಮಚ್ಚೆ ಏಳುವುದು ಕಂಡರೆ ತಡಮಾಡಬಾರದು. ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಲ್ಲಿ ಮೊದಲು ಎಲುಬಿನ ನೋವಾಗಿಯೇ ಕಾಣಿಸಿಕೊಳ್ಳುತ್ತದೆ, ಇಂದು ಸಕಾಲದಲ್ಲಿ ಪತ್ತೆಯಾದರೆ ಮಕ್ಕಳ ಆ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಎದ್ದಾಗ ಕೀಲು ಬಿಗಿದು, ಮಂಡಿ ಊದಿ, ಅದು ಆರು ವಾರ ಮೀರಿದರೆ ಮಕ್ಕಳ ಸಂಧಿವಾತವನ್ನು ಯೋಚಿಸಬೇಕು. ಈ ಮಕ್ಕಳ ಕಣ್ಣಿನೊಳಗೆ ನೋವಿಲ್ಲದೆ, ಕೆಂಪಾಗದೆ ಉರಿಯೂತ ಆಗುವುದುಂಟು. ಆದ್ದರಿಂದ ಕಣ್ಣಿನ ವೈದ್ಯರ ಪರೀಕ್ಷೆ ಕಡ್ಡಾಯ. ಸಂಧಿವಾತ ಮುದುಕರ ಕಾಯಿಲೆ ಎಂಬ ನಂಬಿಕೆಯಿಂದ ಕಣ್ಣು ಮಂಜಾದ ಹುಡುಗಿಯೊಬ್ಬಳ ನೆನಪು ನನ್ನನ್ನು ಬಿಟ್ಟುಹೋಗಿಲ್ಲ.

ಇನ್ನು ಕುಂಟುವ ಮಗು. ಶಿಕ್ಷಕರು ಇಲ್ಲಿ ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮಗು ಓಡುವುದನ್ನು ಮನೆಯವರಿಗಿಂತ ಹೆಚ್ಚು ನೋಡುವವರು ನೀವು. ನಾಲ್ಕರಿಂದ ಎಂಟು ಹತ್ತು ವರ್ಷದ ಹುಡುಗನೊಬ್ಬ ಆಟದ ನಂತರ ಕುಂಟುತ್ತಾನೆ, ಮಂಡಿ ಹಿಡಿದುಕೊಂಡು ನೋವೆನ್ನುತ್ತಾನೆ. ಮಂಡಿ ನೋಡಿದರೆ ಊತವಿಲ್ಲ, ಎಕ್ಸ್‌ರೇ ತೆಗೆದರೆ ಏನೂ ಇಲ್ಲ. ಹೀಗೆ ಐದು ತಿಂಗಳು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ನನ್ನ ಬಳಿ ಬಂದ ಹುಡುಗನ ತೊಡೆಯನ್ನು ಒಳಕ್ಕೆ ತಿರುಗಿಸಲು ಹೋದಾಗ ಅದು ಅಲುಗಲೇ ಇಲ್ಲ. ನೋವು ಮಂಡಿಯಲ್ಲಿತ್ತು, ರೋಗ ಸೊಂಟದ ಕೀಲಿನಲ್ಲಿತ್ತು. ಎರಡು ಕೀಲುಗಳಿಗೂ ಹೋಗುವ ನರ ಒಂದೇ ಆಗಿರುವುದರಿಂದ ಮಿದುಳು ಹೀಗೆ ಜಾಗ ತಪ್ಪಿ ಓದುತ್ತದೆ. ಮಂಡಿ ನೋವೆನ್ನುವ ಮಗುವಿನ ಸೊಂಟದ ಕೀಲನ್ನು ಪರೀಕ್ಷಿಸದೆ ಕಳುಹಿಸಬಾರದು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ.

ಆ ಹುಡುಗನಿಗಿದ್ದದ್ದು ಪರ್ಥೆಸ್ ಕಾಯಿಲೆ. ತೊಡೆ ಎಲುಬಿನ ದುಂಡನೆಯ ತಲೆಗೆ ರಕ್ತ ಪೂರೈಕೆ ಕಡಿದು, ಆ ತಲೆ ಮೆತ್ತಗಾಗಿ, ಕುಸಿದು, ಮತ್ತೆ ಎರಡು ನಾಲ್ಕು ವರ್ಷಗಳಲ್ಲಿ ಹೊಸ ಎಲುಬಾಗಿ ಕಟ್ಟಿಕೊಳ್ಳುವ ವಿಚಿತ್ರ ಕಾಯಿಲೆಯಿದು. ಹುಡುಗರಲ್ಲಿ ಹುಡುಗಿಯರಿಗಿಂತ ನಾಲ್ಕೈದು ಪಟ್ಟು ಹೆಚ್ಚು. 1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದನ್ನು ಗುರುತಿಸಿದರು. 1895ರಲ್ಲಿ ಎಕ್ಸ್‌ರೇ ಬಂದುದರಿಂದಲೇ ಅದು ಸಾಧ್ಯವಾಯಿತು. ಅದಕ್ಕೂ ಮೊದಲು ಇಂಥ ಮಕ್ಕಳನ್ನೆಲ್ಲ ಕೀಲಿನ ಕ್ಷಯ ಎಂದು ಎಣಿಸುತ್ತಿದ್ದರು. ನಮ್ಮಲ್ಲಿ ಕೀಲಿನ ಕ್ಷಯ ಇಂದಿಗೂ ಇದೆ, ಆದುದರಿಂದ ಎರಡನ್ನೂ ಬೇರ್ಪಡಿಸಿ ನೋಡುವ ಕೆಲಸ ನಮಗೆ ಮುಗಿದಿಲ್ಲ. ಈ ಕಾಯಿಲೆ ನಮಗೆ ಇನ್ನೂ ಹತ್ತಿರದ್ದಾಗಲು ಕಾರಣವೆಂದರೆ, ದಕ್ಷಿಣ ಭಾರತದ ಒಳನಾಡಿಗಿಂತ ಪಶ್ಚಿಮ ಕರಾವಳಿಯ ಈ ಪಟ್ಟಿಯಲ್ಲಿ ಇದು ಹೆಚ್ಚು ಕಾಣಿಸಿಕೊಳ್ಳುತ್ತದೆಂದು ಮಣಿಪಾಲದಿಂದ ಬಂದ ಅಧ್ಯಯನಗಳು ತೋರಿಸಿದವು. ನಮ್ಮ ಮಕ್ಕಳಲ್ಲಿ ಇದು ಪಾಶ್ಚಾತ್ಯ ಮಕ್ಕಳಿಗಿಂತ ತುಸು ದೊಡ್ಡ ವಯಸ್ಸಿನಲ್ಲಿ ಆರಂಭವಾಗುತ್ತದೆ ಎಂಬುದನ್ನೂ ಅವು ಗುರುತಿಸಿವೆ. ವಯಸ್ಸು ಹೆಚ್ಚಿದಷ್ಟೂ ತಲೆ ಮತ್ತೆ ದುಂಡಗಾಗಲು ಉಳಿದಿರುವ ಕಾಲ ಕಡಿಮೆ. ಮೆತ್ತಗಿರುವ ಹೊತ್ತಿನಲ್ಲಿ ಆ ತಲೆ ತಾನು ಕೂತಿರುವ ಸೊಂಟದ ಎಲುಬಿನ ಬಟ್ಟಲಿನಿಂದ ಹೊರಕ್ಕೆ ಜಾರದಂತೆ ಕಾಯುವುದೇ ಚಿಕಿತ್ಸೆಯ ತಿರುಳು: ಹಸಿ ಲಾಡು ದುಂಡಗೆ ಒಣಗಬೇಕಾದರೆ ದುಂಡನೆಯ ಬಟ್ಟಲಿನಲ್ಲೇ ಇರಬೇಕು. ಆರು ವರ್ಷದೊಳಗಿನವರಲ್ಲಿ ಅನೇಕರಿಗೆ ಬರಿಯ ಎಚ್ಚರಿಕೆಯ ಗಮನ ಸಾಕಾಗುತ್ತದೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದೂ ತಲೆ ಕುಸಿದು ಚಪ್ಪಟೆಯಾಗುವ ಮೊದಲೇ.

ಹತ್ತು ವರ್ಷ ದಾಟಿದ, ಮೈತುಂಬಿದ ಮಕ್ಕಳಲ್ಲಿ ಇದೇ ಮಂಡಿನೋವು ಮತ್ತು ಕುಂಟು, ಪಾದ ಹೊರಕ್ಕೆ ತಿರುಗಿರುವುದರ ಜೊತೆಗೆ ಕಂಡರೆ, ಆ ತಲೆ ಬೆಳವಣಿಗೆ ಫಲಕದ ಮೇಲಿಂದ ಜಾರುತ್ತಿರಬಹುದು. ಅಂಥ ಮಗುವನ್ನು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು, ಜಾರಿದ್ದನ್ನು ಸ್ಕ್ರೂ ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ.

ನೆಗಡಿ ಕೆಮ್ಮು ಬಂದುಹೋದ ಮೇಲೆ ಮೂರರಿಂದ ಎಂಟು ವರ್ಷದ ಮಕ್ಕಳು ದಿಢೀರನೆ ಕುಂಟುವುದು ಸಾಮಾನ್ಯ. ಕೀಲಿನಲ್ಲಿ ಸ್ವಲ್ಪ ನೀರು ಸೇರಿ, ಒಂದೆರಡು ವಾರದಲ್ಲಿ ಗುಣವಾಗುವ ನಿರಪಾಯದ ಸ್ಥಿತಿಯಿದು. ಆದರೆ ಇದೇ ವೇಷದಲ್ಲಿ ಕೀಲಿನ ಕೀವು ಬರುತ್ತದೆ, ಮತ್ತು ಇವತ್ತಿನ ಇಡೀ ಮಾತಿನಲ್ಲಿ ನಾನು ಅತ್ಯಂತ ಹೆಚ್ಚು ಕಳಕಳಿಯಿಂದ ಹೇಳುವ ವಿಷಯ ಇದೇ. ಮಗುವಿಗೆ ಜೋರು ಜ್ವರ, ಕಾಲೂರಲು ಸುತರಾಂ ಒಪ್ಪುವುದಿಲ್ಲ, ಕೀಲನ್ನು ತುಸು ಅಲುಗಿಸಿದರೂ ಚೀರುತ್ತದೆ ಎಂದಾದರೆ ಅದು ಬೆಳಗಿನವರೆಗೆ ಕಾಯುವ ವಿಷಯವಲ್ಲ. ಕೀವಿನಲ್ಲಿರುವ ರಸಗಳು ಕೀಲಿನ ಮೃದ್ವಸ್ಥಿಯನ್ನು ಕರಗಿಸುತ್ತವೆ, ಕೀಲಿನೊಳಗಿನ ಒತ್ತಡ ಎಲುಬಿನ ತಲೆಗೆ ಹೋಗುವ ರಕ್ತವನ್ನು ತಡೆಯುತ್ತದೆ. ನಾಲ್ಕೈದು ದಿನ ಕಳೆದು ಬಂದ ಮಗುವಿನ ಕೀಲನ್ನು ತೊಳೆದರೂ ಕಳೆದುಕೊಂಡದ್ದು ಮರಳಿ ಬಾರದಿರಬಹುದು. ಎಲುಬಿನ ತಲೆಯೇ ಕರಗಿಹೋಗಿ, ಒಂದು ಕಾಲು ಗಿಡ್ಡವಾಗಿ, ಜೀವನವಿಡೀ ಕುಂಟುವ ಮಕ್ಕಳನ್ನು ನೋಡುವಾಗ ಸಂಕಟವಾಗುತ್ತದೆ, ಏಕೆಂದರೆ ಅದನ್ನು ತಪ್ಪಿಸಬಹುದಾಗಿತ್ತು.

ಹಸುಗೂಸುಗಳಲ್ಲಿ ಇದು ಇನ್ನೂ ಕಪಟಿ. ಅವಕ್ಕೆ ಜ್ವರವೇ ಬಾರದಿರಬಹುದು. ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಲಂಗೋಟಿ ಬದಲಿಸುವಾಗ ಕಿರುಚುತ್ತದೆ, ಒಂದು ಕಾಲನ್ನು ಅಥವಾ ಒಂದು ಕೈಯನ್ನು ಮಾತ್ರ ಅಲುಗಿಸದೆ ಇಟ್ಟುಕೊಳ್ಳುತ್ತದೆ. ಮೀಯಿಸುವಾಕೆ ಉಳುಕು ಎಂದುಕೊಂಡು ನೀವಿ ಎಳೆದು ಸರಿಮಾಡಲು ನೋಡುತ್ತಾಳೆ, ಅದು ಆಕೆಯ ಪ್ರೀತಿಯೇ. ಆದರೆ ಆ ಎರಡು ದಿನ ಕೂಸಿನ ಕೀಲಿಗೆ ತುಂಬ ದುಬಾರಿ. ಆಶಾ ಕಾರ್ಯಕರ್ತೆಯರಲ್ಲಿ ನನ್ನ ಬೇಡಿಕೆಯೇನೆಂದರೆ, ಬಾಣಂತಿ ಮನೆಗೆ ಹೋದಾಗ ಕೂಸಿನ ಬಟ್ಟೆ ಬಿಡಿಸಿ ಎರಡು ನಿಮಿಷ ಸುಮ್ಮನೆ ನೋಡಿ. ನಾಲ್ಕೂ ಕೈಕಾಲು ಆಡುತ್ತಿವೆಯೇ? ಒಂದು ಸುಮ್ಮನಿದ್ದರೆ ಅಂದೇ ಕಳುಹಿಸಿ.

ಗಂಟೆಗಳ ಲೆಕ್ಕದ ಇನ್ನೊಂದು ಸಂಗತಿ ಮೊಣಕೈಯ ಮುರಿತ. ಐದರಿಂದ ಎಂಟು ವರ್ಷದ ಮಕ್ಕಳು ಪೇರಳೆ ಮರದಿಂದಲೋ ಜಗಲಿಯಿಂದಲೋ ಬೀಳುವಾಗ ಕೈ ಊರುತ್ತಾರೆ, ಮೊಣಕೈಯ ಸ್ವಲ್ಪ ಮೇಲೆ ಎಲುಬು ಮುರಿಯುತ್ತದೆ. ಅಲ್ಲೇ ಮುಂದುಗಡೆ ಕೈಯ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಊತ ಏರುತ್ತಿರುವ ಆ ಕೈಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ಒಳಗಿನ ಸ್ನಾಯುಗಳಿಗೆ ರಕ್ತ ತಲುಪದೆ ಆರೆಂಟು ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಮುಂದೆ ಬೆರಳುಗಳು ಹಕ್ಕಿಯ ಪಂಜದಂತೆ ಮಡಚಿಕೊಂಡು ಹಾಗೆಯೇ ಉಳಿಯುತ್ತವೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ಬಣ್ಣಿಸಿದ ಈ ಅನಾಹುತ ಇಂದಿಗೂ ನಮ್ಮ ಹಳ್ಳಿಗಳಿಂದ ಬರುತ್ತಿದೆ. ನಾಟಿ ವೈದ್ಯರಲ್ಲಿ ಅನೇಕರು ಕೈಗುಣವುಳ್ಳವರು, ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಊರನ್ನು ಕಾಪಾಡಿದವರು. ಅವರಲ್ಲಿ ಕೆಲವರು ಈಗ ಮಗುವಿನ ಮೊಣಕೈಯನ್ನು ಮುಟ್ಟದೆ ನೇರವಾಗಿ ನಮ್ಮಲ್ಲಿಗೆ ಕಳುಹಿಸುತ್ತಾರೆ, ಅವರಿಗೆ ನಾನು ಋಣಿ. ಕಟ್ಟು ಯಾರೇ ಹಾಕಿರಲಿ, ಆಸ್ಪತ್ರೆಯದ್ದೇ ಆಗಿರಲಿ, ಬೆರಳು ಬಿಳಿಚಿದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದಾಗ ಮಗು ಚೀರಿದರೆ, ಕಟ್ಟನ್ನು ಆ ಕ್ಷಣವೇ ಸಡಿಲಿಸಬೇಕು ಮತ್ತು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊರಡುವ ಮುನ್ನ ರಟ್ಟು ಅಥವಾ ಮಡಚಿದ ಟವೆಲನ್ನು ಸಡಿಲವಾಗಿ ಆಸರೆಯಾಗಿ ಕಟ್ಟಿ, ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ತಿನ್ನಲು ಏನೂ ಕೊಡಬೇಡಿ. ಮುರಿದ ಎಲುಬನ್ನು ಹಿಡಿದಿಡಲು ಆಸ್ಪತ್ರೆಯಲ್ಲಿ ಹಾಕಿದ ತಂತಿಯನ್ನು ಮೂರು ನಾಲ್ಕು ವಾರದ ನಂತರ ತೆಗೆದ ಮೇಲೆ ಮೊಣಕೈ ಬಿಗಿಯಾಗಿರುವುದು ಸಹಜ, ಅದಕ್ಕೆ ಎಣ್ಣೆ ತಿಕ್ಕಿ ಎಳೆಯಬಾರದು. ಹಾಗೆ ಎಳೆದ ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲೇ ಬಂದ್ ಆದದ್ದುಂಟು. ಮಗು ಆಡುತ್ತ ಆಡುತ್ತ ಅದನ್ನು ತಾನೇ ಬಿಡಿಸಿಕೊಳ್ಳುತ್ತದೆ. ಒಂದರಿಂದ ನಾಲ್ಕು ವರ್ಷದ ಕೂಸಿನ ಕೈಯನ್ನು ಹಿಡಿದು ಮೇಲಕ್ಕೆ ಎಳೆದಾಗ ಮೊಣಕೈ ತುಸು ಜಾರಿ ಕೈ ಜೋತುಬೀಳುವುದು ಬೇರೆ ಸಂಗತಿ; ಅದನ್ನು ವೈದ್ಯರು ಒಂದು ತಿರುವಿನಲ್ಲಿ ಸರಿಪಡಿಸುತ್ತಾರೆ.

ಈಗ ಹುಟ್ಟಿನಿಂದ ಬರುವ ಎರಡು ತೊಂದರೆಗಳು. ಮೊದಲನೆಯದು ಸೊಂಟದ ಕೀಲು ಬಟ್ಟಲಿನಿಂದ ಜಾರಿರುವುದು. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಗುವಿನಲ್ಲಿ, ಗರ್ಭದಲ್ಲಿ ತಲೆ ಮೇಲಾಗಿದ್ದ ಮಗುವಿನಲ್ಲಿ, ಮನೆತನದಲ್ಲಿ ಇದ್ದವರಲ್ಲಿ ಇದರ ಸಂಭವ ಹೆಚ್ಚು. ಕೂಸಿಗೆ ನೋವಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ; ತೊಡೆಗಳನ್ನು ಅಗಲಿಸಿದಾಗ ಒಂದು ಕಡಿಮೆ ಅಗಲವಾಗುವುದು, ಮಂಡಿ ಮಡಚಿಸಿ ಮಲಗಿಸಿದಾಗ ಒಂದು ಮಂಡಿ ತಗ್ಗಿರುವುದು ಇವೇ ಕುರುಹು. ಆರು ತಿಂಗಳೊಳಗೆ ಪತ್ತೆಯಾದರೆ ಬಟ್ಟೆಪಟ್ಟಿಗಳ ಪಾವ್ಲಿಕ್ ಕಟ್ಟಿನಲ್ಲೇ ಹೆಚ್ಚಿನವು ಸರಿಯಾಗುತ್ತವೆ, ನಡೆಯಲು ಕಲಿತು ಕುಂಟಿದ ಮೇಲೆ ಪತ್ತೆಯಾದರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಎಣ್ಣೆ ಸ್ನಾನದ ನಂತರ ಕಾಲು ನೆಟ್ಟಗಾಗಲೆಂದು ಎರಡೂ ಕಾಲನ್ನು ಜೋಡಿಸಿ ಎಳೆದು ಬಿಗಿಯಾಗಿ ಸುತ್ತುವ ಪದ್ಧತಿಯನ್ನು ದಯವಿಟ್ಟು ಬಿಡಿ. ಜಪಾನಿನಲ್ಲಿ ಇದೇ ಪದ್ಧತಿಯ ವಿರುದ್ಧ 1970ರ ದಶಕದಲ್ಲಿ ತಾಯಂದಿರಿಗೆ ವ್ಯಾಪಕವಾಗಿ ತಿಳಿವಳಿಕೆ ಕೊಟ್ಟ ಮೇಲೆ ಈ ತೊಂದರೆ ಬಹಳಷ್ಟು ಇಳಿಯಿತು. ಸುತ್ತುವುದಾದರೆ ಎದೆಯವರೆಗೆ ಸುತ್ತಿ, ಕಾಲುಗಳು ಕಪ್ಪೆಯಂತೆ ಮಡಚಿ ಅಗಲವಾಗಿ ಆಡಲು ಜಾಗ ಬಿಡಿ. ನಮ್ಮ ಹೆಂಗಸರು ಮಗುವನ್ನು ಕಂಕುಳಲ್ಲಿ, ಸೊಂಟದ ಎರಡು ಬದಿಗೆ ಕಾಲು ಬರುವಂತೆ ಕೂರಿಸಿಕೊಳ್ಳುವುದು ಕೀಲಿಗೆ ಅತ್ಯುತ್ತಮ. ಹಾಗೆ ಎತ್ತಿಕೊಂಡರೆ ಕಾಲು ಸೊಟ್ಟಗಾಗುತ್ತದೆಯೇ ಎಂದು ಕೇಳಿದ ಅಜ್ಜಿಗೆ ನಾನು ಕೊಟ್ಟ ಉತ್ತರ ಅದೇ.

ಎರಡನೆಯದು ಸೊಟ್ಟಪಾದ, ಹಿಮ್ಮಡಿ ಒಳಕ್ಕೆ ಮೇಲಕ್ಕೆ ತಿರುಚಿಕೊಂಡು ಅಂಗಾಲು ಆಕಾಶ ನೋಡುವಂಥದ್ದು. ಸಾವಿರ ಹೆರಿಗೆಗಳಲ್ಲಿ ಒಂದರ ಸುಮಾರಿಗೆ ಕಾಣುವ, ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಕ್ಕಿರುವ ತೊಂದರೆ. ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಮಾತನ್ನು ಹೊತ್ತು ಕುಗ್ಗಿದ ತಾಯಂದಿರನ್ನು ನೋಡಿ ನನಗೆ ಬೇಸರವಾಗಿದೆ. ಇದರ ಚಿಕಿತ್ಸೆಯನ್ನು ಬದಲಿಸಿದವರು ಇಗ್ನಾಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿ, ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಪ್ಲಾಸ್ಟರ್ ಹಾಕಿ, ದೇಶ ಬಿಟ್ಟು, ಕೊನೆಗೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನೆಲೆಯೂರಿದ ಅವರು, ಪಾದವನ್ನು ಕತ್ತರಿಸದೆ ವಾರಕ್ಕೊಮ್ಮೆ ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುವ ಕ್ರಮವನ್ನು 1940ರ ದಶಕದ ಕೊನೆಯಿಂದ ರೂಪಿಸಿದರು. ಹಲವು ದಶಕ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ, 1990ರ ದಶಕದ ನಂತರ ಜಗತ್ತೆಲ್ಲ ಅದನ್ನೇ ಅನುಸರಿಸಿತು. ಐದಾರು ಪ್ಲಾಸ್ಟರ್‌ಗಳು, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ, ಮೂರು ವಾರದ ಕೊನೆಯ ಪ್ಲಾಸ್ಟರ್, ಅಷ್ಟಕ್ಕೆ ಪಾದ ಚೆಂದವಾಗಿ ನೆಲಕ್ಕೆ ಊರುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಆರಂಭಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ, ಜಾರಿದ ಸೊಂಟದ ಕೀಲೂ ಇದೆ. ಆದ್ದರಿಂದ ಹಣವಿಲ್ಲವೆಂದು ಯಾರೂ ಮನೆಯಲ್ಲಿ ಕೂರಬೇಕಾಗಿಲ್ಲ, ನಿಮ್ಮ ಅಂಗನವಾಡಿಗೆ ಬರುವ ತಂಡಕ್ಕೆ ತೋರಿಸಿ.

ಸೋಲು ಬರುವುದು ಪ್ಲಾಸ್ಟರ್‌ನಲ್ಲಿ ಅಲ್ಲ, ಆಮೇಲಿನ ಬೂಟಿನಲ್ಲಿ. ಒಂದು ಸರಳಿಗೆ ಜೋಡಿಸಿದ ಎರಡು ಬೂಟುಗಳನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ರಾತ್ರಿ ಮತ್ತು ಹಗಲಿನ ನಿದ್ದೆಯ ಹೊತ್ತು, ನಾಲ್ಕೈದು ವರ್ಷದವರೆಗೂ ಹಾಕಬೇಕು. ಒಂದು ವರ್ಷ ಆಗುವಷ್ಟರಲ್ಲಿ ಪಾದ ಸುಂದರವಾಗಿ ಕಾಣುತ್ತದೆ, ಮಗು ಅಳುತ್ತದೆ, ಅಜ್ಜಿ ಮರುಗಿ ಬೂಟನ್ನು ಅಟ್ಟಕ್ಕೆ ಹಾಕುತ್ತಾಳೆ. ಆರೇ ತಿಂಗಳಲ್ಲಿ ಹಿಮ್ಮಡಿ ಮತ್ತೆ ಮೇಲೇರಲು ಶುರುವಾಗುತ್ತದೆ. ಅಂಗನವಾಡಿಯ ಸಹೋದರಿಯರೇ, ಸೊಟ್ಟಪಾದ ಸರಿಹೋದ ಮಗು ನಿಮ್ಮ ಊರಿನಲ್ಲಿದ್ದರೆ ತೂಕ ಹಿಡಿಯುವ ದಿನ ಮೂರು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಬೂಟು ಹಾಕಿದ್ದಿರಾ, ಹಿಮ್ಮಡಿ ಬೂಟಿನ ತಳಕ್ಕೆ ತಾಗುತ್ತಿದೆಯಾ, ಬೂಟು ಗಿಡ್ಡವಾಗಿದೆಯಾ? ಬೆರಳು ಬೂಟಿನ ಅಂಚು ದಾಟಿದ್ದರೆ ಅದೇ ವಾರ ದೊಡ್ಡ ಅಳತೆಯದ್ದನ್ನು ತರಿಸಿ, ಸರಳಿನ ಅಗಲವನ್ನೂ ಮಗುವಿನ ಭುಜದ ಅಗಲಕ್ಕೆ ಸರಿಮಾಡಿಸಿ.